ನಮ್ಮೂರ ಬೆಳಕಿಗೆ ಯಾವ ಶಟರ್?

ಹೊಸ ಕ್ಯಾಮೆರಾ ಕೊಂಡ ಮೊದಲ ದಿನಗಳಲ್ಲಿ ಯಾರಿಗೂ ತೊಂದರೆ ಆಗುವುದಿಲ್ಲ. ಅಂಗಳದ ದಾಸವಾಳ, ಕಟ್ಟೆ ಮೇಲೆ ಮಲಗಿದ ಬೆಕ್ಕು, ಮನೆ ಮಕ್ಕಳು. ಆಟೋದಲ್ಲಿ ಇಟ್ಟು ಒತ್ತಿದರೆ ಎಲ್ಲವೂ ಚಂದ. ಕ್ಯಾಮೆರಾ ಕೈಕೊಡುವುದು ನಾವು ಅದನ್ನು ಯಾವುದಕ್ಕಾಗಿ ಕೊಂಡೆವೋ ಸರಿಯಾಗಿ ಆ ಹೊತ್ತಿಗೆ. ನಮ್ಮ ಕಡೆ ಆ ಹೊತ್ತು ಅಂದರೆ ಒಂದೋ ಆಟದ, ಅಂದರೆ ಯಕ್ಷಗಾನದ ರಾತ್ರಿ, ಇಲ್ಲ ಕಡಲತೀರದ ಬೆಳಗು. ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಹುಡುಗರು ಕ್ಯಾಮೆರಾ ಹಿಡಿದುಕೊಂಡು ಬಂದು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಯಕ್ಷಗಾನದ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತಿದೆ, ಸೆನ್ಸರ್ ಹೋಯಿತಾ?

ಬೆಳಕು ಹಿಡಿಯುವ ಆ ಫಲಕ, ಸೆನ್ಸರ್, ಹೋಗಿರುವುದಿಲ್ಲ. ಅವರು ಹಾಕಿಕೊಂಡಿರುವುದು ಯಾವುದೋ ವಿಡಿಯೋದಲ್ಲಿ ಯಾರೋ ಹೇಳಿದ ಶಟರ್ ವೇಗ, ಅಂದರೆ ಸೆನ್ಸರಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಪಾಲಿನಲ್ಲಿ. 1/125, 1/250, 1/500. ಹೇಳಿದವರು ತಪ್ಪು ಹೇಳಿಲ್ಲ. ಅವರ ಊರು ಬೇರೆ, ಅಷ್ಟೇ. ಈ ವಿಷಯ ನನ್ನ ತಲೆಯಲ್ಲಿ ತುಂಬ ದಿನದಿಂದ ಕೊರೆಯುತ್ತಿದೆ. ಶಟರ್, ಎಕ್ಸ್‌ಪೋಷರ್ (ಫೋಟೋಗೆ ಸಿಗುವ ಒಟ್ಟು ಬೆಳಕು) ಅಂದರೆ ಗಣಿತ, ಅದು ಎಲ್ಲ ಕಡೆಗೂ ಒಂದೇ ಅಂದುಕೊಂಡಿರುತ್ತೇವೆ. ಗಣಿತ ಒಂದೇ ಇರಬಹುದು. ಆದರೆ ಅದರೊಳಗೆ ಹಾಕುವ ಅಂಕಿಗಳು ನಮ್ಮ ಲೈನಿನ ಕರೆಂಟಿನಿಂದ, ನಮ್ಮ ಮಳೆಗಾಲದ ಮೋಡದಿಂದ, ಪಡುವಣಕ್ಕೆ ಮುಖ ಮಾಡಿದ ನಮ್ಮ ಕಡಲಿನಿಂದ ಬರಬೇಕು.

ಗದ್ದೆ ಬಯಲಿನ ಪಟ್ಟೆ

ಅಕ್ಕನ ಮಗ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದಿದ್ದ. ಶಿರಸಿ ಹತ್ತಿರ ಕೊಯ್ಲಾದ ಗದ್ದೆ ಬಯಲಿನಲ್ಲಿ ಆಟ. ಚಳಿ ಚೆನ್ನಾಗಿಯೇ ಇತ್ತು. ಚಾಪೆ, ಕಂಬಳಿ ತಂದವರು ಮುಂದೆ ಕೂತಿದ್ದರು. ಹಿಂದೆ ಚಹಾ ಅಂಗಡಿ, ಅದರಾಚೆ ಜನರೇಟರಿನ ಗುಡುಗುಡು. ರಂಗಸ್ಥಳದ ಎರಡೂ ಮೂಲೆಯಲ್ಲಿ ಎಲ್‌ಇಡಿ ದೀಪ, ಮೇಲೆ ಟ್ಯೂಬ್‌ಲೈಟು. ನೋಡುವವರಿಗೆ ತೊಂದರೆ ಆಗಬಾರದು ಅಂತ ಅವನು ಸದ್ದಿಲ್ಲದ ಶಟರ್ ಹಾಕಿಕೊಂಡಿದ್ದ. ಒಳ್ಳೆಯ ಹುಡುಗ. ವೇಗ 1/500 ಇಟ್ಟಿದ್ದ. ಕುಣಿತ ಅಲ್ಲವೇ, ಅಲುಗಾಡಬಾರದು ಅಂತ. ಬಲರಾಮನ ವೇಷ ಬಂದು ಕುಣಿದು ನಿಂತಿತು. ಇವನು ಪರದೆ ನೋಡಿ ಮುಖ ಸಣ್ಣ ಮಾಡಿಕೊಂಡ.

"ಮಾವಾ, ಇದು ಎಂತಕ್ಕೆ ಹಿಂಗೆ ಬತ್ತು? ಕ್ಯಾಮೆರಾ ಹಾಳಾಜಾ?"

"ಎಂತೂ ಆಜಿಲ್ಲೆ, ತಡಿ" ಅಂತ ಕ್ಯಾಮೆರಾ ಇಸಕೊಂಡು ನೋಡಿದೆ. ಮುಂಡಾಸಿನ ಜರಿ ಪಟ್ಟಿ ಒಂದು ಕಡೆ ಫಳಫಳ ಹೊಳೆಯುತ್ತಿದೆ, ಅದರ ಕೆಳಗೆ ಕಣ್ಣು ಕತ್ತಲೆ, ಮತ್ತೆ ಗಲ್ಲ ಬೆಳಕು, ಎದೆಕಟ್ಟು ಕತ್ತಲೆ. ವೇಷದ ಮೇಲೆ ಯಾರೋ ಅಡ್ಡಡ್ಡ ನೆರಳು ಎಳೆದಂತೆ. ಕಣ್ಣೆತ್ತಿ ರಂಗಸ್ಥಳ ನೋಡಿದರೆ ಬೆಳಕು ಒಂದೇ ಸಮ.

ಒಂದೇ ಸಮ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ನಮ್ಮಲ್ಲಿ ಕರೆಂಟ್ ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಒಂದೊಂದು ಸುತ್ತಿಗೂ ದೀಪ ಎರಡು ಸಲ ಏರಿ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 100 ಸಲ. ಹಳೆಯ ಚೋಕ್ ಹಾಕಿದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಎರಡೂ ಹೀಗೇ. ಸದ್ದಿಲ್ಲದ ಶಟರ್ ಅಂದರೆ ಅಲ್ಲಿ ತೆರೆದು ಮುಚ್ಚುವ ಪರದೆ ಎಂಬುದೇ ಇಲ್ಲ. ಸೆನ್ಸರನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ. ಪೂರ್ತಿ ಓದಿ ಮುಗಿಸುವುದಕ್ಕೆ ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು ಬೇಕು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ದೀಪ ನಾಲ್ಕು ಸಲ ಏರಿಳಿದಿರುತ್ತದೆ. ಏರಿದಾಗ ಓದಿದ ಸಾಲು ಬೆಳಕು, ಇಳಿದಾಗ ಓದಿದ ಸಾಲು ಕತ್ತಲೆ. ಪಟ್ಟೆಯೂ ನಾಲ್ಕು.

ಹಾಗಾದರೆ ದಾರಿ ಏನು? ಒಂದೊಂದು ಸಾಲಿಗೂ ಒಂದು ಪೂರ್ತಿ ಏರಿಳಿತ ಸಿಗುವಷ್ಟು ಹೊತ್ತು ಬೆಳಕು ಕುಡಿಯಲು ಬಿಡಬೇಕು. ಅದು 1/100. ಇಲ್ಲವೇ ಎರಡು ಏರಿಳಿತ, ಅದು 1/50. ಅಮೆರಿಕದಲ್ಲಿ ಕರೆಂಟ್ 60 ಸುತ್ತಿನದು. ಅಲ್ಲಿ ದೀಪ 120 ಸಲ ಮಿನುಗುತ್ತದೆ, ಅದಕ್ಕೇ ಅಲ್ಲಿನವರಿಗೆ 1/60, 1/125 ಚೆನ್ನಾಗಿ ಹೊಂದುತ್ತದೆ. ಅದೇ 1/125 ನಮ್ಮಲ್ಲಿ ಹಾಕಿದರೆ ಏರಿಳಿತ ಪೂರ್ತಿಯಾಗುವ ಮೊದಲೇ ಮುಗಿದುಹೋಗುತ್ತದೆ, ತೆಳ್ಳಗೆ ಪಟ್ಟೆ ಉಳಿಯುತ್ತದೆ. ಹೆಚ್ಚಿನ ಕ್ಯಾಮೆರಾಗಳು ಹುಟ್ಟಿ ಬಂದ ಜಪಾನಿನಲ್ಲೇ ಎರಡೂ ಇವೆ, ಟೋಕಿಯೋ ಕಡೆ 50, ಒಸಾಕಾ ಕಡೆ 60. ಹೊಸ ಕ್ಯಾಮೆರಾ ಬಂದ ದಿನವೇ ಮೆನುವಿನಲ್ಲಿ ವಿಡಿಯೋ ಪದ್ಧತಿ ನೋಡಿಕೊಳ್ಳಿ. ಎನ್‌ಟಿಎಸ್‌ಸಿ ಅಂತ ಇದ್ದರೆ ಪಾಲ್‌ಗೆ ಬದಲಾಯಿಸಿ. ಆಗ ವಿಡಿಯೋ 25 ಅಥವಾ 50 ಫ್ರೇಮಿಗೆ ಬರುತ್ತದೆ, ಶಟರ್ 1/50 ಇಟ್ಟರೆ ಆಟದ ವಿಡಿಯೋ ಮಿನುಗುವುದಿಲ್ಲ.

ಆ ರಾತ್ರಿ ಮೊದಲು ಸದ್ದಿಲ್ಲದ ಶಟರ್ ತೆಗೆದು ಮೆಕ್ಯಾನಿಕಲ್ ಹಾಕಿದೆವು. ಪಟ್ಟೆ ಬಹಳ ಕಡಿಮೆಯಾಯಿತು. ಆದರೆ ಒಂದರ ಹಿಂದೆ ಒಂದು ತೆಗೆದ ಫೋಟೋಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಕಂದು ಹಳದಿ. 1/500ಕ್ಕೆ ದೀಪ ಏರಿದ್ದಾಗ ಒತ್ತಿದ್ದು ಒಂದು, ಇಳಿದಿದ್ದಾಗ ಒತ್ತಿದ್ದು ಇನ್ನೊಂದು. ಕೆಲವು ಕ್ಯಾಮೆರಾಗಳಲ್ಲಿ ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇರುತ್ತದೆ. ದೀಪ ತುದಿಗೇರುವವರೆಗೆ ಕಣ್ಣಿಗೆ ಗೊತ್ತಾಗದಷ್ಟು ಕಾದು ಶಟರ್ ಬಿಡುತ್ತದೆ. ಅದು ಇದ್ದರೆ ಹಾಕಿಕೊಳ್ಳಿ, ತುಂಬಾ ಉಪಯೋಗ. ಇವನ ಕ್ಯಾಮೆರಾದಲ್ಲಿ ಇರಲಿಲ್ಲ. 1/100ಕ್ಕೆ ಇಳಿಸಿದೆವು. ಪಟ್ಟೆ ಹೋಯಿತು.

ಮುಂದಿನ ಪದ್ಯಕ್ಕೆ ಮಂಡಿಕುಣಿತ. ಮಂಡಿಯ ಮೇಲೆ ಗಿರಗಿರ ಸುತ್ತುವಾಗ 1/100 ಯಾವ ಮೂಲೆಗೂ ಸಾಲುವುದಿಲ್ಲ. "ಮಾವಾ, ಕಾಲೆಲ್ಲ ಹೊಗೆ ಆದಂಗೆ ಇದ್ದು" ಅಂದ. ಅವನ ಬೇಜಾರು ನನಗೆ ಅರ್ಥವಾಯಿತು. ಪಟ್ಟೆ ಬೇಡ ಅಂದರೆ ಕಾಲು ಮಸುಕು, ಕಾಲು ಚೂಪು ಬೇಕು ಅಂದರೆ ಪಟ್ಟೆ. ಇದಕ್ಕೆ ಮೆನುವಿನಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ಚಂಡೆಯಲ್ಲಿ. ಯಕ್ಷಗಾನದ ಕುಣಿತ ಎಷ್ಟೇ ಬಿರುಸಾಗಿದ್ದರೂ ಮುಕ್ತಾಯಕ್ಕೆ ವೇಷ ಒಂದು ಕ್ಷಣ ಅಚ್ಚೊತ್ತಿದಂತೆ ನಿಲ್ಲುತ್ತದೆ. ಕೈ ಚಾಚಿ, ಕತ್ತು ಓರೆ ಮಾಡಿ, ಕಣ್ಣು ಅರಳಿಸಿ. ಅಂಥ ಹೊತ್ತಿಗೆ 1/100 ಧಾರಾಳ ಸಾಕು, 1/50 ಕೂಡ ನಡೆಯುತ್ತದೆ. ಚಿಕ್ಕಂದಿನಿಂದ ಆಟ ನೋಡಿದ ಹುಡುಗನಿಗೆ ಮುಕ್ತಾಯ ಯಾವಾಗ ಬರುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಭಾಗವತರ ಪದ ಇಳಿಮುಖವಾದಾಗ ಅವನ ಬೆರಳು ತಾನಾಗಿಯೇ ಸಿದ್ಧವಾಗುತ್ತದೆ. ಎಲ್ಲಿಂದಲೋ ಒಳ್ಳೆಯ ಕ್ಯಾಮೆರಾ ಹೊತ್ತು ಬಂದವರಿಗಿಂತ ನಮ್ಮ ಹುಡುಗರಿಗೆ ಇರುವ ದೊಡ್ಡ ಬಲ ಇದೇ ಅಂತ ನನ್ನ ನಂಬಿಕೆ. ಆಮೇಲೆ ಅವನು ಪರದೆ ನೋಡುವುದು ಬಿಟ್ಟು ಚಂಡೆ ಕೇಳತೊಡಗಿದ. ಫೋಟೋಗಳು ಬೇರೆಯೇ ಆದವು.

ಎಕ್ಸ್‌ಪೋಷರ್ ಕತೆ ಇನ್ನೊಂದು. ರಂಗಸ್ಥಳದ ಹಿಂದೆ ಗಾಢ ಬಣ್ಣದ ಪರದೆ, ಅದರ ಸುತ್ತ ಕತ್ತಲೆ. ಕ್ಯಾಮೆರಾ ಇಡೀ ಚೌಕಟ್ಟು ನೋಡಿ ಬೆಳಕು ಸಾಲದು ಅಂದುಕೊಳ್ಳುತ್ತದೆ, ಜಾಸ್ತಿ ಬೆಳಕು ಎಳೆದುಕೊಳ್ಳುತ್ತದೆ. ಬಣ್ಣ ಹಚ್ಚಿದ ಮುಖ ಸುಣ್ಣ ಬಳಿದಂತಾಗುತ್ತದೆ, ಹುಬ್ಬಿನ ಗೆರೆ, ನಾಮದ ಅಂಚು ಎಲ್ಲ ಮಾಯ. ಆಟಕ್ಕೆ ಎಲ್ಲ ಅಂಕಿ ನಾವೇ ಇಡುವ ಮ್ಯಾನುವಲ್ಲೇ ಸರಿ. ರಂಗಸ್ಥಳದ ಬೆಳಕು ಒಮ್ಮೆ ಕಟ್ಟಿದ ಮೇಲೆ ಬಣ್ಣದ ದೀಪ ಹಾಕದಿದ್ದರೆ ಬೆಳಗಿನವರೆಗೂ ಬದಲಾಗುವುದಿಲ್ಲ. ಮೊದಲ ವೇಷದ ಮುಖಕ್ಕೆ ಸರಿ ಮಾಡಿಕೊಂಡು ಹಾಗೇ ಬಿಡಿ. ಶಟರ್ 1/100, ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಸಣ್ಣದಾದಷ್ಟೂ ಅಗಲ) ಎಫ್ 2.8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಿಂದ 3200ರ ಒಳಗೆ ಎಲ್ಲೋ ನಿಲ್ಲುತ್ತದೆ. ಒಂದು ಎಚ್ಚರ: ಮ್ಯಾನುವಲ್ ಹಾಕಿದ್ದೇನೆ, ಆದರೂ ಫೋಟೋ ಒಂದೊಂದು ಒಂದೊಂದು ಥರ ಬರುತ್ತಿದೆ ಅನ್ನುವವರು ಬಹಳ. ನೋಡಿದರೆ ಐಎಸ್‌ಒ ಆಟೋದಲ್ಲೇ ಇರುತ್ತದೆ. ಆಗ ಅದು ಹೆಸರಿಗೆ ಮಾತ್ರ ಮ್ಯಾನುವಲ್, ಲಗಾಮು ಬೆಳಕು ಅಳೆಯುವ ಮೀಟರಿನ ಕೈಯಲ್ಲೇ ಉಳಿದಿರುತ್ತದೆ.

ಜನರೇಟರ್ ಬಗ್ಗೆಯೂ ಹೇಳಬೇಕು. ಲೈನಿನ ಕರೆಂಟ್ 50ಕ್ಕೆ ಹತ್ತಿರವೇ ಇರುತ್ತದೆ. ಜನರೇಟರ್ ಹಾಗಲ್ಲ. ಹೊರೆ ಏರಿಳಿದಂತೆ ಅದರ ಓಟ ಅತ್ತಿತ್ತ ಆಗುತ್ತದೆ. 1/100ರಲ್ಲೂ ತೆಳ್ಳನೆ ಪಟ್ಟೆ ಕಂಡರೆ 1/50ಕ್ಕೆ ಹೋಗಿ. ಹೆಚ್ಚು ಏರಿಳಿತ ಸೇರಿದಷ್ಟೂ ವ್ಯತ್ಯಾಸ ಕರಗುತ್ತದೆ. ಗ್ಯಾಸ್‌ಲೈಟಿನ ಕಾಲದಲ್ಲಿ ಈ ರಗಳೆ ಇರಲಿಲ್ಲ. ಮ್ಯಾಂಟಲ್ ಸುಮ್ನೆ ಕಾದು ಬೆಳಗುತ್ತಿತ್ತು, ಸೆಕೆಂಡಿಗೆ ನೂರು ಸಲ ಮಿನುಗುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಈ ಫೋಟೋಗಳು ಬರೀ ಹವ್ಯಾಸ ಅಲ್ಲ. ಯಕ್ಷಗಾನದ ದೊಡ್ಡ ಕಲಾವಿದರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಕೆರೆಮನೆ ಶಂಭು ಹೆಗಡೆಯವರು 2009ರಲ್ಲೇ ಹೋದರು. ಅವರನ್ನು ರಂಗಸ್ಥಳದಲ್ಲಿ ನೋಡದ ಹುಡುಗರಿಗೆ ಚಿಟ್ಟಾಣಿಯವರ ಭಸ್ಮಾಸುರನ ನಿಲುವು, ಕೀಚಕನ ಕಣ್ಣು ಹೇಗಿತ್ತು ಅಂತ ತೋರಿಸಲು ಈಗ ಉಳಿದಿರುವುದು ಯಾರೋ ಬಯಲಿನಲ್ಲಿ ಕೂತು ತೆಗೆದ ವಿಡಿಯೋ, ಫೋಟೋ. ಇವತ್ತು ಕುಣಿಯುವವರನ್ನು ನಾಳೆ ತೋರಿಸಬೇಕಾದವರು ನಾವು. ಕಣ್ಣಿನ ಮೇಲೆ ಪಟ್ಟೆ ಬಿದ್ದ ಫೋಟೋ ಇಟ್ಟುಕೊಂಡು ಏನು ತೋರಿಸುವುದು?

ಬಂಗಡೆಯ ಬೆನ್ನು

ಕಾರವಾರದಲ್ಲಿ ಒಬ್ಬ ಹಿರಿಯರಿದ್ದಾರೆ. ಫಿಲ್ಮ್ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ವಾಕಿಂಗ್ ಬರುತ್ತಾರೆ. ಒಂದು ದಿನ ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿ ಬಲೆಯನ್ನು ಕಮಾನಿನ ಹಾಗೆ ಬಿಟ್ಟು ಬಂದಿತ್ತು, ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದರು. ಟ್ರಾಲರು, ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಅಪರೂಪವಾಗುತ್ತಾ ಬಂದಿದೆ, ಹಾಗಾಗಿ ಕಂಡಾಗಲೆಲ್ಲ ನಾನು ಕ್ಯಾಮೆರಾ ಹೊರಗೆ ತೆಗೆಯುತ್ತೇನೆ. ಬಲೆ ದಡಕ್ಕೆ ಬಂತು. ಬಂಗಡೆ. ಬೆಳಗಿನ ಬಿಸಿಲಿಗೆ ಇಡೀ ರಾಶಿ ಬೆಳ್ಳಿಯ ಹಾಗೆ ಕುದಿಯುತ್ತಿತ್ತು. ಫೋಟೋದಲ್ಲಿ ಮಾತ್ರ ಮೀನಿನ ರಾಶಿ ಬೂದಿಯಂತೆ, ಅದರ ಸುತ್ತ ನಿಂತ ಜನರ ಮುಖ ಕಪ್ಪು.

ಇದೂ ಕ್ಯಾಮೆರಾದ ದೋಷ ಅಲ್ಲ. ಮೀಟರಿಗೆ ಮೂಲದಲ್ಲಿ ಗೊತ್ತಿರುವುದು ಒಂದೇ ಬಣ್ಣ, ನಡುಬೂದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ವಾಪಸ್ ಕಳಿಸುವ ಬೂದು. ಎದುರಿಗಿರುವುದು ಬಿಳಿಯೋ ಕಪ್ಪೋ, ಎಲ್ಲವನ್ನೂ ಆ ಬೂದಿಗೆ ಎಳೆಯಲು ನೋಡುತ್ತದೆ. ಹೊಸ ಕ್ಯಾಮೆರಾಗಳು ಮುಖ ಗುರುತಿಸುತ್ತವೆ, ಆಕಾಶ ಗುರುತಿಸುತ್ತವೆ, ಆದರೂ ಬೆಳ್ಳಿ ಹೊಳಪು ಚೌಕಟ್ಟು ತುಂಬಿದಾಗ ಹೆದರಿ ಬೆಳಕು ಕಡಿಮೆ ಮಾಡಿಬಿಡುತ್ತವೆ. ಆಟದಲ್ಲಿ ಕತ್ತಲೆ ನೋಡಿ ಜಾಸ್ತಿ ಬೆಳಕು ಎಳೆದ ಮೀಟರೇ ಇಲ್ಲಿ ಬಿಳುಪು ನೋಡಿ ಕಡಿಮೆ ಎಳೆಯುತ್ತದೆ. ಮ್ಯಾನುವಲ್ ಅಲ್ಲದಿದ್ದರೆ, ಮೀಟರಿನ ಲೆಕ್ಕ ತಿದ್ದುವ ಕಾಂಪನ್ಸೇಷನ್ ಚಕ್ರವನ್ನು ಅಲ್ಲಿ ಕೆಳಗೆ ತಿರುಗಿಸಬೇಕು, ಇಲ್ಲಿ ಮೇಲೆ.

ಎಷ್ಟು ಮೇಲೆ? ಅದನ್ನು ಆ ಹಿರಿಯರು ತೋರಿಸಿದರು. ಅಂಗೈಯನ್ನು ಬಿಸಿಲಿಗೆ ಹಿಡಿದು, "ಇದಕ್ಕೆ ಮೀಟರ್ ಹಿಡೀರಿ, ಆಮೇಲೆ ಒಂದು ಸ್ಟಾಪ್ ಜಾಸ್ತಿ ಮಾಡಿ" ಅಂದರು. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು. ಮುಖದ ಬಣ್ಣ ಜನರಿಂದ ಜನರಿಗೆ ತುಂಬ ಬದಲಾಗುತ್ತದೆ, ಅಂಗೈ ಅಷ್ಟು ಬದಲಾಗುವುದಿಲ್ಲ. ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಅವರ ಕಾಲದಲ್ಲಿ ಫಿಲ್ಮಿನ ಡಬ್ಬಿಯೊಳಗೆ ಸಣ್ಣ ಚೀಟಿ ಇರುತ್ತಿತ್ತಂತೆ. ಸೂರ್ಯ, ಅರ್ಧ ಮೋಡ, ಪೂರ್ತಿ ಮೋಡದ ಚಿತ್ರ, ಪಕ್ಕದಲ್ಲಿ ಅಪರ್ಚರ್. ಇವತ್ತಿಗೂ ಆ ಲೆಕ್ಕ ಸುಳ್ಳಾಗಿಲ್ಲ. ಐಎಸ್‌ಒ 100, ಖಡಕ್ ಬಿಸಿಲು, ಎಫ್ 16, ಶಟರ್ 1/100. ಎಫ್ 8 ಬೇಕಾದರೆ 1/400. ದಟ್ಟ ಮೋಡಕ್ಕೆ ಮೂರು ಸ್ಟಾಪ್ ಬೆಳಕು ಜಾಸ್ತಿ ಬಿಡಿ. ಬೇಸಿಗೆ ನಡುಹಗಲಿನ ಬಿಸಿಲು ಇವತ್ತೂ ನಾಳೆಯೂ ಹೆಚ್ಚುಕಮ್ಮಿ ಒಂದೇ, ಮೀಟರ್ ಏನೇ ಹೇಳಲಿ.

ಅಷ್ಟಾದ ಮೇಲೂ ನನ್ನ ಪರದೆಯಲ್ಲಿ ಮೀನಿನ ಮೇಲೆ ಅಲ್ಲಲ್ಲಿ ಕಪ್ಪು ಬಿಳುಪು ಮಿಟುಕುತ್ತಿತ್ತು. ಅಲ್ಲಿ ಬೆಳಕು ಮೀರಿದೆ ಅಂತ ಕ್ಯಾಮೆರಾ ಕೊಡುವ ಎಚ್ಚರಿಕೆ ಅದು. ನಾನು ಕಡಿಮೆ ಮಾಡಲು ಹೊರಟೆ. ಅವರು ತಡೆದು ಬಗ್ಗಿ ರಾಶಿಯಿಂದ ಒಂದು ಬಂಗಡೆ ಎತ್ತಿ ಹಿಡಿದರು. ಹೊಟ್ಟೆ ಕನ್ನಡಿಯಂತೆ, ಬೆನ್ನು ಹಸಿರುನೀಲಿ, ಅದರ ಮೇಲೆ ಉದ್ದುದ್ದ ಕಪ್ಪು ಗೆರೆ. "ಬಿಸಿಲು ಹೊಡೆದ ಆ ಚುಕ್ಕಿ ಹೋದ್ರೆ ಹೋಗ್ಲಿ ಮಾರಾಯ್ರೆ. ಬೆನ್ನಿನ ಗೆರೆ ಕಾಣ್ಬೇಕು." ಸೂರ್ಯನನ್ನೇ ತಿರುಗಿಸಿ ಹೊಡೆಯುವ ಚುಕ್ಕಿಯಲ್ಲಿ ನೋಡಲು ಏನೂ ಇರುವುದಿಲ್ಲ. ಅದನ್ನು ಉಳಿಸಲು ಹೋಗಿ ಮೀನನ್ನೂ ಮನುಷ್ಯರನ್ನೂ ಕತ್ತಲೆಗೆ ತಳ್ಳಬಾರದು. ಆ ದಿನದಿಂದ ಕಡಲತೀರದಲ್ಲಿ ನನ್ನ ಅಳತೆಗೋಲು ಅದೇ. ಮೊದಲು ಬೆನ್ನಿನ ಗೆರೆ, ಆಮೇಲೆ ಉಳಿದದ್ದು.

ಇನ್ನೊಂದು ಮಾತು. ಕಾರವಾರದ ತೀರ ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬಿಸಿಲು ಗುಡ್ಡದ ಕಡೆಯಿಂದ ಬಂದು ನೀರಿನ ಮೇಲಿನ ದೋಣಿ, ಕೆಲಸಗಾರರ ಮುಖ, ಆಚೆಯ ದ್ವೀಪ ಎಲ್ಲವನ್ನೂ ಎದುರಿನಿಂದ ಬೆಳಗುತ್ತದೆ. ಸಂಜೆ ಅದೇ ಜಾಗದಲ್ಲಿ ಎಲ್ಲವೂ ಕಪ್ಪು ಆಕೃತಿ. ಪ್ರವಾಸಿಗರು ಬರುವುದು ಸಂಜೆ, ಹಾಗಾಗಿ ನಮ್ಮ ಕಡಲಿನ ಫೋಟೋ ಅಂದರೆ ಕಿತ್ತಳೆ ಆಕಾಶ, ಕಪ್ಪು ದೋಣಿ ಅಂತ ಆಗಿಬಿಟ್ಟಿದೆ. ದೋಣಿಯಲ್ಲಿ ಇರುವವರ ಮುಖ ಬೇಕು ಅಂದರೆ ಬೆಳಿಗ್ಗೆ ಬನ್ನಿ. ಯಾವ ಸೆಟ್ಟಿಂಗೂ ಇದಕ್ಕೆ ಬದಲಿ ಅಲ್ಲ.

ಸಣ್ಣಪುಟ್ಟವು

ರಾತ್ರಿ ಆಟ ಮುಗಿಸಿ ಘಟ್ಟ ಇಳಿದು ಬೆಳಿಗ್ಗೆ ಕಡಲಿಗೆ ಹೋದವರ ಫೋಟೋ ಪೂರ್ತಿ ಬೆಳ್ಳಗೆ ಬರುತ್ತದೆ, ಶಟರಿನ ಅಂಕಿ ಮಿಟುಕುತ್ತದೆ. ಐಎಸ್‌ಒ 3200, ಎಫ್ 2.8 ಹಾಗೇ ಉಳಿದಿರುತ್ತದೆ. ಆ ಬಿಸಿಲಿಗೆ ಲೆಕ್ಕದ ಪ್ರಕಾರ ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲು ಬೇಕು, ಮೆಕ್ಯಾನಿಕಲ್ ಶಟರ್ 1/4000 ಅಥವಾ 1/8000ಕ್ಕೆ ನಿಂತುಬಿಡುತ್ತದೆ. ಮಿಟುಕುವ ಅಂಕಿ ಅಂದರೆ ನನ್ನ ಕೈಲಾಗದು ಅಂತ ಕ್ಯಾಮೆರಾ ಹೇಳುತ್ತಿದೆ ಅಂತಲೇ ಅರ್ಥ. ಒಂದು ಸರಿ, ಒಂದು ಕಪ್ಪು, ಒಂದು ಬಿಳಿ ಅಂತ ಸರದಿಯಲ್ಲಿ ಬರುತ್ತಿದ್ದರೆ ಬ್ರ್ಯಾಕೆಟಿಂಗ್ ಹಾಕಿ ಮರೆತಿದ್ದೀರಿ. ಎಲ್ಲವೂ ಒಂದೇ ಸಮ ಕಪ್ಪಾದರೆ ಕಾಂಪನ್ಸೇಷನ್ ಚಕ್ರ ಚೀಲದಲ್ಲಿ ತಿರುಗಿರುತ್ತದೆ.

ಕಾಳಿ ನದಿಯ ದಂಡೆಯಲ್ಲಿ ಮುಸ್ಸಂಜೆ 30 ಸೆಕೆಂಡ್ ತೆರೆದು ತೆಗೆದ ಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡ್ ಮಾತಾಡದೆ ಕೂತರೆ ಗಾಬರಿ ಬೀಳಬೇಡಿ. ಶಟರ್ ಮುಚ್ಚಿ ಅಷ್ಟೇ ಹೊತ್ತು ಕತ್ತಲೆಯ ಫೋಟೋ ತೆಗೆದು, ಎರಡನ್ನೂ ಹೋಲಿಸಿ ಚುಕ್ಕೆ ಅಳಿಸುತ್ತಿರುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿದರೆ ಕಾಯುವುದು ತಪ್ಪುತ್ತದೆ. ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತು. ಅದಕ್ಕೂ ಮುಂಚೆ ತೆಗೆದ ಫೋಟೋ ಇದ್ದವರು ಜೋಪಾನವಾಗಿ ಇಟ್ಟುಕೊಳ್ಳಿ.

ಉಂಚಳ್ಳಿ ಜಲಪಾತದಲ್ಲಿ ನೀರು ಹಾಲಿನ ಹಾಗೆ ಬರಬೇಕು ಅಂತ ಎಲ್ಲರಿಗೂ ಆಸೆ. ವಿಡಿಯೋ ನೋಡಿ ದಟ್ಟ ಎನ್‌ಡಿ ಫಿಲ್ಟರ್ ಕೊಂಡುಬಿಡುತ್ತಾರೆ. ಬಿಸಿಲಿನಲ್ಲಿ ಅರ್ಧ ಸೆಕೆಂಡ್ ತೆರೆಯಲು ಬೆಳಕನ್ನು 64 ಪಟ್ಟು ತಗ್ಗಿಸುವುದು ಬೇಕು, ನಿಜ. ಆದರೆ ಜಲಪಾತ ತುಂಬಿ ಧುಮ್ಮಿಕ್ಕುವುದು ಮಳೆಗಾಲದಲ್ಲಿ. ಆಗ ಮೋಡವೇ ಮೂರು ಸ್ಟಾಪ್ ತಿಂದುಹಾಕಿರುತ್ತದೆ. 8 ಪಟ್ಟಿನ ತೆಳು ಫಿಲ್ಟರ್ ಸಾಕು. ಆ ಅಬ್ಬರಕ್ಕೆ ಕೆಪ್ಪ ಜೋಗ ಅಂತ ಹೆಸರು ಬಿದ್ದ ನೀರನ್ನು ಪೂರ್ತಿ ಹಾಲು ಮಾಡುವುದು ನನಗೇನೋ ಇಷ್ಟವಿಲ್ಲ. 1/15 ಇಟ್ಟರೆ ರಭಸ ಉಳಿಯುತ್ತದೆ.

ಚಳಿಗಾಲದ ಬೆಳಿಗ್ಗೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಿ ಕ್ಯಾಮೆರಾ ತೆಗೆದರೆ ಎಲ್ಲ ಮಸುಕು, ಬೆಳಕು ಚೆಲ್ಲಿದಂತೆ. ಎಕ್ಸ್‌ಪೋಷರ್ ಮುಟ್ಟಬೇಡಿ. ತಣ್ಣಗಿನ ಲೆನ್ಸಿನ ಮೇಲೆ ಕಡಲ ಗಾಳಿಯ ತೇವ ಕೂತಿರುತ್ತದೆ. ಚೀಲ ಮುಚ್ಚಿಯೇ ಇಟ್ಟು ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಖಾಲಿ ಇರುವ ಮೂರನೆಯದು

ಈಗಿನ ಕ್ಯಾಮೆರಾಗಳಲ್ಲಿ ಸಿ1, ಸಿ2, ಸಿ3 ಅಂತ ನಮ್ಮದೇ ಸೆಟ್ಟಿಂಗ್ ಉಳಿಸಿಡಲು ಜಾಗ ಇರುತ್ತದೆ. ಅಕ್ಕನ ಮಗನ ಕ್ಯಾಮೆರಾದಲ್ಲಿ ಸಿ1 ಆಟಕ್ಕೆ: ಮ್ಯಾನುವಲ್, 1/100, ಎಫ್ 2.8, ಐಎಸ್‌ಒ ಆಟೋ ಅಲ್ಲ, ಮೆಕ್ಯಾನಿಕಲ್ ಶಟರ್. ಸಿ2 ಕಡಲಿಗೆ: ಅಪರ್ಚರ್ ಮೋಡ್, ಎಫ್ 8, ಐಎಸ್‌ಒ 100, ಒಂದು ಸ್ಟಾಪ್ ಮೇಲೆ. ಸಿ3 ಬೇಡರ ವೇಷಕ್ಕೆ ಅಂತ ಇಟ್ಟಿದ್ದೇವೆ, ಅದು ಇನ್ನೂ ಕೂಡಿ ಬಂದಿಲ್ಲ.

ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಬೇಡರ ವೇಷ ನೋಡಿದವರಿಗೆ ಗೊತ್ತು. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಹಿಂದೆ ಹಗ್ಗ ಹಿಡಿದ ಇಬ್ಬರು, ತಮಟೆಯ ಬಡಿತಕ್ಕೆ ಜನರ ಮೇಲೇ ನುಗ್ಗಿ ಬರುವ ಓಟ. ಅಲ್ಲಿ ಆಟದ ಲೆಕ್ಕ ನಡೆಯುವುದಿಲ್ಲ. ರಂಗಸ್ಥಳ ಇಲ್ಲ, ಬೆಳಕು ಕಂಬದಿಂದ ಕಂಬಕ್ಕೆ ಬದಲಾಗುತ್ತದೆ, ಹಾಗಾಗಿ ಮ್ಯಾನುವಲ್ ಕಷ್ಟ. ಮುಕ್ತಾಯದ ನಿಲುಗಡೆಯೂ ಇಲ್ಲ, ಹಾಗಾಗಿ 1/100 ಸಾಲದು. ಫ್ಲಾಶ್ ಹಾಕಿದರೆ 1/200ರಲ್ಲಿ ಓಟ ಹಿಡಿಯಬಹುದು, ಪಟ್ಟೆಯೂ ಹೋಗುತ್ತದೆ. ಆದರೆ ಕುಣಿಯುವವನ ಕಣ್ಣಿಗೆ ಹೊಡೆಯುತ್ತದೆ, ಬೀದಿಯ ರಾತ್ರಿ ಬಣ್ಣ ಸತ್ತುಹೋಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ನನ್ನ ಅಂದಾಜು ಹೀಗೆ: ಶಟರ್ 1/200, ಐಎಸ್‌ಒ ಆಟೋ, ಮೇಲಿನ ಮಿತಿ 6400, ಕಾಂಪನ್ಸೇಷನ್ ಮುಕ್ಕಾಲು ಸ್ಟಾಪಿನಷ್ಟು ಕೆಳಗೆ. ಎಲ್ಲ ಬೀದಿದೀಪವೂ ಒಂದೇ ಥರ ಮಿನುಗುವುದಿಲ್ಲ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಪಟ್ಟೆ ಕೊಡುವುದಿಲ್ಲ, ಅಗ್ಗದ್ದು ಕೊಡುತ್ತದೆ. ಅದಕ್ಕೇ ಹೋಳಿಗೆ ಮುಂಚೆ ಒಂದು ರಾತ್ರಿ ವೇಷ ಬರುವ ದಾರಿಯಲ್ಲಿ ನಡೆದು, ಒಂದೊಂದು ಕಂಬದ ಕೆಳಗೂ ಗೋಡೆಯ ಫೋಟೋ ತೆಗೆದುಕೊಂಡು ಬಾ ಅಂತ ಅವನಿಗೆ ಹೇಳಿದ್ದೇನೆ. ಪಟ್ಟೆ ಬಾರದ ಕಂಬ ಯಾವುದು ಅಂತ ಗೊತ್ತಾದರೆ, ನಾವು ನಿಲ್ಲುವ ಜಾಗವೂ ಅಲ್ಲೇ.